ಮಚ್ಚೆಯ ಮೇಲೆ ಹಚ್ಚೆ ಇಲ್ಲ

ಬ್ಲಫ್ ಬಂದರಿನ ಬೀದಿ, ಮೀನು ಕರಿಯುವ ಅಂಗಡಿಯ ಹಿಂದೆ
ಎರಡೇ ಕುರ್ಚಿಯ ನನ್ನ ಕೋಣೆ.
ಇದರಾಚೆ ಒಂದು ದ್ವೀಪ, ಆಮೇಲೆ
ಹಿಮದವರೆಗೂ ಬರೀ ನೀರು.
ಸಿಂಪಿ ದೋಣಿಗಳು ಮರಳಿದ ಸಂಜೆ
ಲಾಕ್ಲನ್ ಬಂದ, ಬೂಟಿನ ತುಂಬ ಕಡಲು,
ಕಿಸೆಯ ತುಂಬ ಕೂಲಿ.
ಅಂಗಿ ಕಳಚಿ ಬೆನ್ನು ತಿರುಗಿಸಿದ:
"ಇಲ್ಲಿ, ಬಲ ಹೆಗಲಿಗೆ, ಒಂದು ಆಲ್ಬಟ್ರಾಸ್.
ರೆಕ್ಕೆ ಪೂರಾ ಬಿಚ್ಚಿರಬೇಕು. ಇವತ್ತೇ."

ಕೂತ್ಕೋ ಮಾರಾಯ. ಇವತ್ತೇ ಎನ್ನುವವರಿಗೆ
ನನ್ನಲ್ಲಿ ಮೊದಲು ಪ್ರಶ್ನೆ, ಆಮೇಲೆ ಹಕ್ಕಿ.
ಊಟ ಆಯಿತೆ? ಕುಡಿದಿದ್ದೀಯಾ?
"ಒಂದೇ ಬಿಯರ್." ಒಂದು ಎಂದರೆ ಎಷ್ಟು?
ಗೋಡೆ ನೋಡಿದ.
ರಕ್ತ ತೆಳುವಾಗುವ ಮಾತ್ರೆ? ಸಕ್ಕರೆ ಕಾಯಿಲೆ?
ಯಾವುದಕ್ಕಾದರೂ ಮೈಮೇಲೆ ದದ್ದು ಏಳುತ್ತದೆಯೆ?
"ನನ್ನ ಅತ್ತೆಯ ದನಿಗೆ" ಎಂದು ನಕ್ಕ.
ನಾನು ನಗದೆ ಬರೆದುಕೊಂಡೆ: ಇಲ್ಲ.

ನೋಡು, ಸೂಜಿಯ ಪೊಟ್ಟಣ, ನಿನ್ನ ಕಣ್ಣೆದುರೇ ಹರಿಯುತ್ತೇನೆ.
ತಾರೀಖು ಓದು. ಗಟ್ಟಿಯಾಗಿ ಓದು.
ಶಾಯಿ ಈ ಬೆರಳಗಲದ ಬಟ್ಟಲಿಗೆ, ಉಳಿದರೆ ಕಸಕ್ಕೆ,
ಸೀಸೆಗೆ ಮರಳುವುದಿಲ್ಲ.
ಗವಸು ಹಾಕಿದ ಮೇಲೆ ಫೋನು ಬಡಿದುಕೊಂಡರೆ
ಬಡಿದುಕೊಳ್ಳಲಿ. ಮುಟ್ಟಿದೆನೋ, ಗವಸು ಬದಲು.
"ಇದೇನು ಇಷ್ಟೊಂದು ಮಡಿ?"

ಮಡಿಯಲ್ಲ ಲಾಕ್ಲನ್, ಮಾಟಿಯು ಮಾಮ.
ಜೈಲಿನಲ್ಲಿ ಗಿಟಾರಿನ ತಂತಿ ಮಸೆದು,
ಸುಟ್ಟ ಎಣ್ಣೆಯ ಮಸಿ ಕಲಸಿ,
ಒಂದೇ ಮೊನೆ ಏಳು ತೋಳು ದಾಟಿ
ಎಂಟನೆಯದಾಗಿ ಅವನ ಮಣಿಕಟ್ಟಿಗೆ ಬಂತು.
ಅಕ್ಕನ ಹೆಸರು ಬರೆಸಿಕೊಂಡ, ನನ್ನಮ್ಮನದು,
ಒಂದಕ್ಷರ ತಪ್ಪು.
ಹದಿನೆಂಟು ವರ್ಷ ಏನೂ ಆಗಲಿಲ್ಲ.
ಅಷ್ಟು ಕಾಲ ಸುಮ್ಮನೆ ಕೂರಬಲ್ಲದು ಅದು, ಲಿವರಿನಲ್ಲಿ,
ಬಾಡಿಗೆ ಕೊಡದ ಬಿಡಾರದವನಂತೆ.
ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಅನ್ನುತ್ತಾರೆ.
ಅವನಿಗೆ ಹಾಗೇನೂ ಕಾಣಲಿಲ್ಲ,
ಹಳದಿಯಾಗಿ ಕಂಡದ್ದು ಅವನು, ನಮಗೆ.
ಪೆಟ್ಟಿಗೆ ಮುಚ್ಚುವ ತನಕ ಅಮ್ಮ ಆ ತಪ್ಪಕ್ಷರವನ್ನು
ಹೆಬ್ಬೆರಳಲ್ಲಿ ಒರೆಸುತ್ತಲೇ ಇದ್ದಳು.

ಲಾಕ್ಲನ್ ಸುಮ್ಮನಾದ. ಪೊಟ್ಟಣ ಹರಿದಿಟ್ಟೆ,
ದೀಪ ಬಗ್ಗಿಸಿ ಬೆನ್ನು ಒರೆಸಿದೆ.
ಮೂವತ್ತು ಬೇಸಿಗೆಯ ಬಿಸಿಲು ಕುಡಿದ ಚರ್ಮ.
ಎಡರೆಕ್ಕೆ ಶುರುವಾಗಬೇಕಾದ ಜಾಗದಲ್ಲಿ
ಒಂದು ಮಚ್ಚೆ.
ಅಂಚು ನೆಟ್ಟಗಿಲ್ಲ, ಚೆಲ್ಲಿದ ಕಾಫಿಯ ಹಾಗೆ,
ಒಂದು ಕಡೆ ಕಂದು, ಇನ್ನೊಂದು ಕಡೆ
ನನ್ನ ಶಾಯಿಗಿಂತ ಕಪ್ಪು.
ಇದು ಯಾವಾಗಿನದು?
"ನನ್ನ ಬೆನ್ನು ನನಗೆಲ್ಲಿ ಕಾಣುತ್ತೆ?
ಅದರ ಮೇಲೇ ಬರಿ, ಮುಚ್ಚಿಹೋಗಲಿ."

ಮುಚ್ಚಿಹೋಗುತ್ತೆ. ಅದೇ ಭಯ.
ಹಕ್ಕಿಯ ರೆಕ್ಕೆಯಡಿ ಅದು ಬೆಳೆಯುತ್ತ ಹೋದರೆ
ಯಾರ ಕಣ್ಣಿಗೆ ಬಿದ್ದೀತು?
ನಾನು ಡಾಕ್ಟರಲ್ಲ. ಏನೂ ಇರಲಿಕ್ಕಿಲ್ಲ.
ತೋರಿಸಿಕೊಂಡು ಬಾ.
ಮಚ್ಚೆಯ ಮೇಲೆ ಹಚ್ಚೆ ಇಲ್ಲ.

ಬೈದ. ಮೀನಿನ ಅಂಗಡಿಯವರೆಗೂ ಕೇಳುವಂತೆ ಬೈದ.
"ಗ್ಯಾರೇಜಿನಲ್ಲಿ ಒಬ್ಬನಿದ್ದಾನೆ, ಅರ್ಧ ದುಡ್ಡಿಗೆ,
ಪ್ರಶ್ನೆ ಕೇಳದವನು."
ಇದ್ದಾನೆ. ನನಗೂ ಗೊತ್ತು.
ಬಾಗಿಲು ಬಡಿದುಕೊಂಡಿತು.
ಹರಿದ ಪೊಟ್ಟಣದ ಸೂಜಿ, ಯಾರನ್ನೂ ಚುಚ್ಚದೆ,
ಹಳದಿ ಡಬ್ಬಿಗೆ ಬಿತ್ತು.
ಆ ರಾತ್ರಿ ಗ್ಯಾರೇಜಿನ ಬೀದಿಯಲ್ಲಿ ಎರಡು ಸಲ ನಡೆದೆ,
ಒಳಗೆ ದೀಪವಿತ್ತು. ತಟ್ಟಲಿಲ್ಲ.

ಸಿಂಪಿಯ ಋತು ಮುಗಿಯುವ ಕೊನೆಯ ವಾರ,
ಕಿಟಕಿ ಒರೆಸುತ್ತಿದ್ದೆ, ಬಂದ.
ಮಾತಿಲ್ಲದೆ ಅಂಗಿ ಕಳಚಿದ.
ಹೆಗಲಲ್ಲಿ ಕತ್ತರಿಸಿ ಹೊಲಿದ ಗೆರೆ,
ಅರ್ಧ ಗೇಣು, ಇನ್ನೂ ಎಳೆಗೆಂಪು.
"ಸಮಯಕ್ಕೆ ಬಂದೆ ಅಂದರು."
ಸ್ವಲ್ಪ ತಡೆದು, "ಹಕ್ಕಿ?"

ಹಸಿ ಗಾಯದ ಮೇಲೂ ಇಲ್ಲ. ಬೆಳ್ಳಗಾಗಲಿ,
ವರ್ಷವಾದರೂ ಬೇಕು, ನಿನ್ನ ಡಾಕ್ಟರು ಹೂಂ ಅನ್ನಲಿ.
ಮತ್ತೆ ಬೈದ, ಈ ಸಲ ಮೆಲ್ಲಗೆ.
ಹೋಗುವಾಗ ಮೇಜಿನ ಮೇಲೆ
ಕಾಗದದಲ್ಲಿ ಸುತ್ತಿದ ಒಂದು ಡಜನ್ ಸಿಂಪಿ ಇಟ್ಟ.
ಬಿಚ್ಚುವ ಮೊದಲು, ಅಭ್ಯಾಸಬಲ,
ಹಿಡಿದ ತಾರೀಖು ಕೇಳಿದೆ.
ಗಟ್ಟಿಯಾಗಿ ಹೇಳಿದ.